ಹಿಂದೆ ಖಾಲಿ ಬಸ್ ಬರ್ತಿದೆ

ನಿಧಾನಪ್ಪನಿಗೆ ಆ ಹೆಸರಿಟ್ಟವರು ಹೆತ್ತವರಲ್ಲ, ಬಸ್ ಡಿಪೋದವರು. ಇಪ್ಪತ್ತೆರಡು ವರ್ಷಗಳಿಂದ ಅವನು ಹದಿನಾಲ್ಕನೇ ನಂಬರಿನ ಬಸ್ಸನ್ನು ಒಂದೇ ಮಾರ್ಗದಲ್ಲಿ ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ರಸ್ತೆಯ ಬದಿಯಲ್ಲಿ ಯಾರ ಕೈ ಮೇಲೆದ್ದರೂ ಸರಿ, ಅವನ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಆ ಕೈ ಬಸ್ಸಿಗಾಗಿ ಎದ್ದಿತೋ, ಎದುರು ಮಹಡಿಯ ಗೆಳತಿಗಾಗಿ ಎದ್ದಿತೋ, ನೊಣ ಓಡಿಸಲು ಎದ್ದಿತೋ ಎಂದು ವಿಚಾರಿಸುವ ಪದ್ಧತಿ ಅವನ ಕಾಲಿಗೆ ಇರಲಿಲ್ಲ. ಖಾಯಂ ಪ್ರಯಾಣಿಕರು ಹೆಣಿಗೆಯ ಉಣ್ಣೆ ತಂದುಕೊಳ್ಳುತ್ತಿದ್ದರು. ಒಬ್ಬ ಹೆಂಗಸು ಒಂದು ಸ್ವೆಟರಿನ ಎರಡೂ ತೋಳುಗಳನ್ನು ಆ ಬಸ್ಸಿನಲ್ಲೇ ಮುಗಿಸಿದ್ದಳು.

ಮನೆಯಲ್ಲೂ ಅದೇ ಹಾಡು. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಗಂಡ ಎಂಟಕ್ಕೆ ಬರುತ್ತೇನೆ ಎಂದರೆ ಅವಳು ಅದಕ್ಕೆ ಇಪ್ಪತ್ತು ನಿಮಿಷ ಕೂಡಿಸಿಕೊಳ್ಳುತ್ತಿದ್ದಳು, ಆ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಕಾಯುವಾಗ ತಿದ್ದಲೆಂದು ಅವಳ ಕೈಚೀಲದಲ್ಲಿ ಯಾವಾಗಲೂ ಒಂದು ಕಟ್ಟು ಉತ್ತರಪತ್ರಿಕೆ ಇರುತ್ತಿತ್ತು. ಇದೆಲ್ಲ ನಗೆಯ ವಿಷಯವಾಗಿಯೇ ನಡೆದುಕೊಂಡು ಬಂದಿತ್ತು, ಕಳೆದ ವರ್ಷ ಶಾಲೆಯಲ್ಲಿ ಅವಳಿಗೆ ಸನ್ಮಾನ ಆಗುವವರೆಗೆ. ಆ ದಿನ ನಿಧಾನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಾರಿಯಲ್ಲಿ ಕೈ ತೋರಿಸಿದವರಿಗೆಲ್ಲ ದಾರಿ ಹೇಳಿ, ಸಭಾಂಗಣ ತಲುಪುವ ಹೊತ್ತಿಗೆ ಕುರ್ಚಿಗಳನ್ನು ಮಡಚುತ್ತಿದ್ದರು. ಹೆಂಡತಿ ಫಲಕವನ್ನು ಕಂಕುಳಲ್ಲಿ ಇರಿಸಿಕೊಂಡು ತಾನೂ ನಾಲ್ಕು ಕುರ್ಚಿ ಮಡಚಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅವತ್ತು ಊಟ ಸೇರುತ್ತಿತ್ತು.

ಇಂಥವನು ನಲವತ್ತೇಳನೇ ವಯಸ್ಸಿಗೆ ಓಟಗಾರನಾದದ್ದು ಅವಸರಪ್ಪನ ದೆಸೆಯಿಂದ. ಅವಸರಪ್ಪ ಅದೇ ಡಿಪೋದ ಇನ್ನೊಬ್ಬ ಡ್ರೈವರು, ಹೆಸರೇ ಹೇಳುವಂತೆ ಹೊತ್ತಿಗೆ ಮುಂಚೆ ಹೊರಟು, ಹೊತ್ತಿಗೆ ಮುಂಚೆ ತಲುಪಿ, ಪ್ರಯಾಣಿಕರನ್ನು ಹಿಂದೆಯೇ ಬಿಟ್ಟು ಬಂದದ್ದಕ್ಕೆ ತಿಂಗಳಿಗೊಂದು ಮೆಮೊ ತಿನ್ನುವವನು. ಒಂದು ಮಧ್ಯಾಹ್ನ ಕೊನೆಯ ನಿಲ್ದಾಣದಲ್ಲಿ ಅವನು ನಿಧಾನಪ್ಪನಿಂದ ಬಸ್ಸನ್ನು ವಹಿಸಿಕೊಂಡ. ನಿಧಾನಪ್ಪ ಮುಖ ತೊಳೆದು ಬರುವಷ್ಟರಲ್ಲಿ ಬಸ್ಸು ಮೂರು ನಿಮಿಷ ಮುಂಚೆ ಹೊರಟೇ ಹೋಗಿತ್ತು, ಕ್ಯಾಬಿನ್ನಿನಲ್ಲಿ ಇದ್ದ ಅವನ ಊಟದ ಡಬ್ಬಿ ಮತ್ತು ಕನ್ನಡಕದ ಸಮೇತ. ಹಸಿದವನು ಎದ್ದೆನೋ ಬಿದ್ದೆನೋ ಎಂದು ಬೆನ್ನಟ್ಟಿದ. ಮೂರು ಸ್ಟಾಪು ಓಡಿ ಬಸ್ಸನ್ನು ಹಿಡಿದೇಬಿಟ್ಟ. ಒಳಗಿದ್ದವರು ಚಪ್ಪಾಳೆ ತಟ್ಟಿದರು.

ಈ ಕಥೆಯನ್ನು ನಿಧಾನಪ್ಪ ಆಮೇಲೆ ಉಪ್ಪುಖಾರ ಹಚ್ಚಿ ಎಲ್ಲರಿಗೂ ಹೇಳಿದ. ಹೇಳುವಾಗ ಒಂದು ಸಣ್ಣ ವಿಷಯ ಬಿಟ್ಟುಬಿಡುತ್ತಿದ್ದ. ಅವನು ಹಿಡಿದಾಗ ರೈಲ್ವೆ ಗೇಟು ಹಾಕಿತ್ತು, ಬಸ್ಸು ಎಂಟು ನಿಮಿಷದಿಂದ ನಿಂತೇ ಇತ್ತು.

ಡಿಪೋದಲ್ಲಿ ಗೇಟಿನ ಗುಟ್ಟು ಗೊತ್ತಿದ್ದವರು ಇಬ್ಬರೇ. ಒಬ್ಬ ಅವಸರಪ್ಪ. ಇನ್ನೊಬ್ಬಳು ಆ ಬಸ್ಸಿನ ಕಂಡಕ್ಟರಮ್ಮ, ಹನ್ನೊಂದು ವರ್ಷದಿಂದ ನಿಧಾನಪ್ಪನ ಜೊತೆ ದುಡಿದು ಅವನನ್ನು ಅಣ್ಣ ಎಂದು ಕರೆಯುವವಳು. ದಿನಕ್ಕೆ ಒಬ್ಬರನ್ನಾದರೂ ತಿದ್ದದಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಡಿಪೋದ ನೋಟಿಸ್ ಬೋರ್ಡಿನಲ್ಲಿ ಹತ್ತು ಕಿಲೋಮೀಟರ್ ಓಟದ ಸ್ಪರ್ಧೆಯ ಚೀಟಿ ಬಿದ್ದ ದಿನವೇ, ಅವನನ್ನು ಕೇಳದೆ ಅವನ ಹೆಸರು ಬರೆದು ಬಂದಳು. ಚೀಟಿಯಲ್ಲಿದ್ದ ನಿಯಮ ಸರಳವಾಗಿತ್ತು. ಓಟ ಬೆಳಿಗ್ಗೆ ಆರೂವರೆಗೆ ಶುರು, ತೊಂಬತ್ತು ನಿಮಿಷಕ್ಕೆ ಮುಗಿತಾಯ. ಎಲ್ಲರ ಹಿಂದೆ ಡಿಪೋದ ಒಂದು ಬಸ್ಸು ಕಿಲೋಮೀಟರಿಗೆ ಒಂಬತ್ತು ನಿಮಿಷದಂತೆ ಬರುತ್ತದೆ. ಅದು ಯಾರನ್ನು ಹಿಡಿಯುತ್ತದೋ ಅವರು ತೆಪ್ಪಗೆ ಹತ್ತಿ ಕೂರಬೇಕು.

ಆ ಬಸ್ಸಿನ ಡ್ಯೂಟಿ ಅವಸರಪ್ಪನಿಗೆ ಬಿತ್ತು, ಕಂಡಕ್ಟರ್ ಡ್ಯೂಟಿ ಅವಳಿಗೇ. ಅವಸರಪ್ಪ ಕಿವಿಯಿಂದ ಕಿವಿಗೆ ನಕ್ಕು, "ಕಿಟಕಿ ಪಕ್ಕದ ಸೀಟು ಒರೆಸಿಟ್ಟಿರ್ತೀನಿ, ಆರಾಮಾಗಿ ಬಾ" ಎಂದ.

ನಿಧಾನಪ್ಪ ಅವತ್ತು ಮನೆಗೆ ಹೋಗಿ ಹೆಂಡತಿಗೆ, ಸ್ಪರ್ಧೆಯ ದಿನ ಎಂಟು ಗಂಟೆಗೆ ಸರಿಯಾಗಿ ಮುಗಿತಾಯದ ಕಮಾನಿನ ಹತ್ತಿರ ಇರಬೇಕು, ಎಂಟರ ಒಳಗೆ ತಾನು ಓಡಿ ಬರುತ್ತೇನೆ ಎಂದು ಹೇಳಿದ. ಅವಳು ಪತ್ರಿಕೆ ತಿದ್ದುತ್ತಾ, ತಲೆಯೆತ್ತದೆ, ಆಯ್ತು ಎಂದಳು. ಆ 'ಆಯ್ತು' ಕೇಳಿ ಅವನಿಗೆ ಮಡಚಿದ ಕುರ್ಚಿಗಳು ನೆನಪಾದವು. ಪದಕ ಯಾರಿಗೆ ಬೇಕಿತ್ತು? ಒಂದೇ ಒಂದು ಸಲ, ಹೇಳಿದ ಹೊತ್ತಿಗೆ, ತನ್ನ ಕಾಲ ಮೇಲೆ ಅವಳ ಮುಂದೆ ಹೋಗಿ ನಿಲ್ಲಬೇಕು. ಅವಸರಪ್ಪನ ಬಸ್ಸಿನ ಮೆಟ್ಟಿಲಿನಿಂದ ಇಳಿಯುವುದನ್ನು ಅವಳು ನೋಡಿದರೆ ತನ್ನ ಕಥೆ ಮುಗಿದ ಹಾಗೆ ಎಂದು ಅವನಿಗೆ ಖಚಿತವಾಗಿ ಅನಿಸಿತ್ತು.

ಅಭ್ಯಾಸ ಡಿಪೋದ ಅಂಗಳದಲ್ಲೇ ಶುರುವಾಯಿತು, ಬೆಳಗಿನ ಪಾಳಿಗೆ ಮುಂಚೆ, ಸಾಲಾಗಿ ನಿಂತ ಬಸ್ಸುಗಳ ಸುತ್ತ. ಮೊದಲ ದಿನವೇ ಕಂಡಕ್ಟರಮ್ಮನಿಗೆ ತನ್ನ ಕೆಲಸ ಎಷ್ಟಿದೆ ಎಂದು ತಿಳಿಯಿತು. ನಿಧಾನಪ್ಪ ಓಡುವಾಗ ಎರಡೂ ಕೈಗಳನ್ನು ಎದೆಯ ಮುಂದೆ ಅಗಲವಾಗಿ ಹಿಡಿದು, ಇಲ್ಲದ ಸ್ಟೀರಿಂಗನ್ನು ತಿರುಗಿಸುತ್ತಿದ್ದ. ತಿರುವು ಬಂದರೆ ಕೈ ಮೇಲೆ ಕೈ ಹಾಕಿ ಪೂರ್ತಿ ಒಂದು ಸುತ್ತು ತಿರುಗಿಸುವವರೆಗೆ ಅವನ ಮೈ ತಿರುಗುತ್ತಿರಲಿಲ್ಲ. ಯಾರನ್ನಾದರೂ ದಾಟಬೇಕಾದರೆ ಮೊದಲು ಇಲ್ಲದ ಕನ್ನಡಿಯನ್ನು ನೋಡಿ, ಕೈ ಹೊರಗೆ ಚಾಚಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ದಾಟಬೇಕಾದವರು ಟೀ ಅಂಗಡಿ ಮುಟ್ಟಿರುತ್ತಿದ್ದರು.

ಅವಳು ಪಟ್ಟು ಬಿಡಲಿಲ್ಲ. ಮೂರು ವಾರದಲ್ಲಿ ಸ್ಟೀರಿಂಗು ಕೈ ಬಿಟ್ಟಿತು, ಕನ್ನಡಿಯೂ ಹೋಯಿತು. ನಂತರ ಅವನನ್ನು ರಸ್ತೆಗೆ ಇಳಿಸಿದಳು. ಅವನಿಗೆ ಗೊತ್ತಿದ್ದ ರಸ್ತೆ ಒಂದೇ, ಹದಿನಾಲ್ಕನೇ ನಂಬರಿನದು. ಓಡಿದ, ಚೆನ್ನಾಗಿಯೇ ಓಡಿದ, ಆದರೆ ಪ್ರತಿ ಸ್ಟಾಪಿನಲ್ಲೂ ನಿಂತ. ನಿಂತು ಎಡಗಡೆ ನೋಡಿ, ಎಲ್ಲರೂ ಹತ್ತುವಷ್ಟು ಹೊತ್ತು ಸುಮ್ಮನಿದ್ದು, ಅಲ್ಲೇ ಬೇರು ಬಿಟ್ಟ. ಮುಂದೆ ಹೋಗಿ ಎಂದು ಅವಳು ಬಾಯಿ ನೋಯುವಷ್ಟು ಹೇಳಿದರೂ ಕಾಲು ಏಳಲಿಲ್ಲ. ಕೊನೆಗೆ ಅವಳಿಗೆ ಹೊಳೆಯಿತು. ಬಸ್ಸಿನಲ್ಲಿ ಹಗ್ಗ ಎಳೆದು ಗಂಟೆಯನ್ನು ಒಂದು ಸಲ ಬಾರಿಸಿದರೆ ನಿಲ್ಲಬೇಕು, ಎರಡು ಸಲ ಬಾರಿಸಿದರೆ ಹೊರಡಬೇಕು. ಇಪ್ಪತ್ತೆರಡು ವರ್ಷದಿಂದ ಈ ಮನುಷ್ಯ ಎರಡು ಸಲ ಕೇಳದೆ ಒಂದು ಹೆಜ್ಜೆ ಮುಂದೆ ಇಟ್ಟವನಲ್ಲ. ಮರುದಿನ ಅವಳು ಸೈಕಲ್ ತಂದಳು. ಹಿಂದಿನಿಂದ ಟ್ರಿಣ್ ಟ್ರಿಣ್ ಎಂದಿತು, ನಿಧಾನಪ್ಪ ಗುಂಡಿ ಒತ್ತಿದ ಹಾಗೆ ಹೊರಟ.

ಹೀಗೆ ನಾಲ್ಕು ತಿಂಗಳು ಕಳೆದು, ಹತ್ತು ಕಿಲೋಮೀಟರನ್ನು ಎಂಬತ್ತು ನಿಮಿಷದಲ್ಲಿ ಮುಗಿಸುವಷ್ಟಾದ. ಹೊಟ್ಟೆ ಕರಗಿ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ಡಿಪೋದಲ್ಲಿ ಜಂಬದಿಂದ ಕಾಲು ಚಾಚಿ ಕೂತು ಮೊಣಕಾಲಿನ ವಿಷಯ ಮಾತಾಡುವುದನ್ನೂ ಕಲಿತ. ಅವಸರಪ್ಪ ಮಾತ್ರ ಎದುರು ಸಿಕ್ಕಾಗಲೆಲ್ಲ, ಸ್ಪರ್ಧೆಯ ದಾರಿಯಲ್ಲಿ ರೈಲ್ವೆ ಗೇಟು ಇದೆಯೋ ಇಲ್ಲವೋ ವಿಚಾರಿಸಿದೆಯಾ ಎಂದು ಕೇಳುತ್ತಿದ್ದ.

ಸ್ಪರ್ಧೆಯ ಬೆಳಿಗ್ಗೆ ಸಾವಿರ ಜನ ಹೊರಡುವ ಗೆರೆಯ ಹಿಂದೆ ಸೇರಿದ್ದರು. ಎಲ್ಲರೂ ಕಾಲು ಚಾಚಿ ಸಡಿಲಿಸಿಕೊಳ್ಳುತ್ತಾ, ಕೈಗಡಿಯಾರ ಒತ್ತಿಕೊಳ್ಳುತ್ತಾ, ಬಾಳೆಹಣ್ಣು ತಿನ್ನುತ್ತಾ ಇದ್ದರು. ಢಂ ಎಂದು ಗುಂಡು ಹಾರಿತು. ಸಾವಿರ ಜನ ಹೊರಟರು. ನಿಧಾನಪ್ಪ ನಿಂತೇ ಇದ್ದ. ಬೇಡವೆಂದಲ್ಲ. ಓಡು ಓಡು ಎಂದು ತಲೆ ಕೂಗಿಕೊಂಡರೂ, ಗುಂಡಿನ ಸದ್ದಿಗೆ ಹೊರಡುವುದನ್ನು ಅವನ ಕಾಲಿಗೆ ಯಾರೂ ಕಲಿಸಿರಲಿಲ್ಲ. ಪಕ್ಕದಲ್ಲಿ ನೀರು ಹಂಚುತ್ತಿದ್ದವನು, ಯಾರಿಗಾದರೂ ಕಾಯುತ್ತಿದ್ದೀರಾ ಎಂದು ಕೇಳಿದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಬಸ್ಸಿನ ಬಾಗಿಲಿನಿಂದ ಕಂಡಕ್ಟರಮ್ಮ ಇದನ್ನು ಕಂಡು, ಹಣೆ ಚಚ್ಚಿಕೊಂಡು, ಹಗ್ಗವನ್ನು ಎರಡು ಸಲ ಎಳೆದಳು. ನಿಧಾನಪ್ಪ ಕಾಲಿಗೆ ಬುದ್ಧಿ ಹೇಳಿದ.

ಮೊದಲ ಮೂರು ಕಿಲೋಮೀಟರು ಸ್ವರ್ಗ. ತನಗಿಂತ ಮುಂಚೆ ಹೊರಟ ಹತ್ತಿಪ್ಪತ್ತು ಜನರನ್ನು, ಕೈ ತೋರಿಸದೆ, ಕನ್ನಡಿ ನೋಡದೆ ದಾಟಿದ. ನಾಲ್ಕನೆಯ ಕಿಲೋಮೀಟರಿನಲ್ಲಿ ದಾರಿ ಮನೆಗಳ ನಡುವೆ ಹೊಕ್ಕಿತು. ಅಲ್ಲಿ ಜನ ರಸ್ತೆಯ ಎರಡೂ ಕಡೆ ನಿಂತು, ಓಟಗಾರರಿಗೆ ಹುರುಪು ತುಂಬಲು ಕೈ ಎತ್ತಿ ಬೀಸುತ್ತಿದ್ದರು.

ನಾಲ್ಕು ತಿಂಗಳು ಬೆಳಕು ಹರಿಯುವ ಮುಂಚೆ ಖಾಲಿ ರಸ್ತೆಯಲ್ಲಿ ಓಡಿದವನಿಗೆ ಯಾರೂ ಕೈ ಬೀಸಿರಲಿಲ್ಲ. ಕಂಡಕ್ಟರಮ್ಮ ಎಲ್ಲವನ್ನೂ ತಿದ್ದಿದ್ದಳು, ಇದೊಂದನ್ನು ಬಿಟ್ಟು.

ಮೊದಲ ಕೈ ಒಬ್ಬ ಅಜ್ಜಿಯದು. ನಿಧಾನಪ್ಪ ಅವಳ ಮುಂದೆ ನಿಂತ. ಅಜ್ಜಿಗೆ ಸ್ಪರ್ಧೆ ಗಿರ್ಧೆ ಗೊತ್ತಿರಲಿಲ್ಲ, ಅವಳು ನಿಜಕ್ಕೂ ಬಸ್ಸಿಗೇ ಕೈ ಎತ್ತಿದ್ದಳು. ಇವತ್ತು ಹದಿನಾಲ್ಕು ಯಾಕೆ ಬಂದಿಲ್ಲ ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡಳು. ನಿಧಾನಪ್ಪ ಏದುಸಿರು ಬಿಡುತ್ತಾ, ರಸ್ತೆ ಮುಚ್ಚಿದೆ, ಹಿಂದಿನ ಬೀದಿಗೆ ಹೋಗಿ ನಿಲ್ಲಬೇಕು ಎಂದು ವಿವರವಾಗಿ ಹೇಳಿದ. ಎರಡನೆಯ ಕೈ ಅಂಗಡಿಯವನದು, ಮೂರನೆಯದು ಮಹಡಿಯ ಮೇಲಿನ ನವದಂಪತಿಯದು. ಪ್ರತಿ ಸಲವೂ ನಿಂತ. ನಿಂತಷ್ಟೂ, ಪಾಪ ಸುಸ್ತಾಗಿದೆ ಎಂದು ಜನ ಇನ್ನೂ ಜೋರಾಗಿ ಕೈ ಬೀಸಿದರು. ಅವರು ಬೀಸಿದಷ್ಟೂ ಇವನು ನಿಂತ. ಹೊರಡಬೇಕಾದರೆ ತಾನೇ ಬಾಯಲ್ಲಿ ಟ್ರಿಣ್ ಟ್ರಿಣ್ ಎಂದುಕೊಳ್ಳಬೇಕಾಯಿತು. ಅವನು ದಾಟಿ ಬಂದವರೆಲ್ಲ ಅವನನ್ನು ಮತ್ತೆ ದಾಟಿ ಹೋದರು. ಆರನೆಯ ಕಿಲೋಮೀಟರು ಮುಗಿಯುವಷ್ಟರಲ್ಲಿ ಅವನ ಹಿಂದೆ ಒಬ್ಬನೂ ಉಳಿದಿರಲಿಲ್ಲ. ಆಮೇಲೆ ಒಂದು ಗುರುತಿನ ಇಂಜಿನ್ನಿನ ಸದ್ದು ಕೇಳಿತು.

ಏಳನೆಯ ಕಿಲೋಮೀಟರಿನ ಗುರುತಿನಲ್ಲಿ ಬಸ್ಸು ಅವನ ಪಕ್ಕಕ್ಕೆ ಬಂತು. ಬಾಗಿಲು ತೆರೆಯಿತು. ಒಳಗೆ ಪ್ರಯಾಣಿಕರು ಒಬ್ಬರೂ ಇರಲಿಲ್ಲ. ಕಿಟಕಿ ಪಕ್ಕದ ಒಂದು ಸೀಟು ಫಳಫಳ ಹೊಳೆಯುತ್ತಿತ್ತು.

"ಹತ್ತಪ್ಪ," ಎಂದ ಅವಸರಪ್ಪ. ಆ ಹೊತ್ತಿಗೆ ಅವನ ದನಿಯಲ್ಲಿ ಕುಹಕವೂ ಇರಲಿಲ್ಲ. "ಸಾಕು, ತುಂಬಾ ಓಡಿದೆ."

ನಿಧಾನಪ್ಪನ ಕಣ್ಣಲ್ಲಿ ನೀರು ತುಂಬಿತು. ಕಮಾನಿನ ಕೆಳಗೆ ನಿಂತ ಹೆಂಡತಿ, ಬಸ್ಸಿನ ಮೆಟ್ಟಿಲಿನಿಂದ ಇಳಿಯುವ ತಾನು, ಮತ್ತೆ ಆ ಒಂದು 'ಆಯ್ತು'. ಅವನು ಒಂದು ಕಾಲನ್ನು ಮೆಟ್ಟಿಲ ಕಡೆ ಎತ್ತಿಯೂಬಿಟ್ಟ.

ಕಂಡಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳ ಕೈಯಲ್ಲಿ ಅವತ್ತಿನ ವೇಳೆಯ ಚಾರ್ಟು ಇತ್ತು. "ಏಳನೇ ಕಿಲೋಮೀಟರಿಗೆ ನಾವು ಬರಬೇಕಾದ್ದು ಏಳು ಮೂವತ್ಮೂರಕ್ಕೆ," ಎಂದು ಅವಸರಪ್ಪನಿಗೆ ಹೇಳಿದಳು. "ಈಗ ಏಳು ಮೂವತ್ತೊಂದು. ನೀವು ಎರಡು ನಿಮಿಷ ಮುಂಚೆ ಬಂದಿದ್ದೀರಿ. ಇದು ಹಿಡಿದ ಲೆಕ್ಕ ಅಲ್ಲ."

ಅವಸರಪ್ಪ ಚಾರ್ಟು ನೋಡಿದ, ಗಡಿಯಾರ ನೋಡಿದ, ತಲೆ ಕೆರೆದುಕೊಂಡ. ಹುಟ್ಟುಗುಣ, ಏನು ಮಾಡುವುದು. ಹೊತ್ತಿಗೆ ಮುಂಚೆ ಬಂದ ಬಸ್ಸು ನಿಂತು ಕಾಯಬೇಕು ಎನ್ನುವ ನಿಯಮ ಮುರಿದದ್ದಕ್ಕೆ ಅವನು ತಿಂದಷ್ಟು ಮೆಮೊ ಇನ್ಯಾರೂ ತಿಂದಿರಲಿಲ್ಲ. ಕಂಡಕ್ಟರಮ್ಮ ಹಗ್ಗವನ್ನು ಒಂದು ಸಲ ಎಳೆದಳು. ಅವಸರಪ್ಪ ಬ್ರೇಕು ಒತ್ತಿದ. ಹೊರಡಲು ತಿರುಗಿದ್ದ ನಿಧಾನಪ್ಪನೂ ಟಕ್ಕನೆ ನಿಂತ.

"ನೀವಲ್ಲ ಅಣ್ಣಾ," ಎಂದು ಎರಡು ಸಲ ಎಳೆದಳು. ನಿಧಾನಪ್ಪ ಹೊರಟ. ಬಸ್ಸೂ ಹೊರಟಿತು. ಒಂದು ಸಲ ಎಳೆದಳು, ಇಬ್ಬರೂ ನಿಂತರು. ಮತ್ತೆ ಎರಡು ಸಲ ಎಳೆದರೆ ಇಬ್ಬರೂ ಹೊರಟರು. ಒಂದೇ ಹಗ್ಗಕ್ಕೆ ಇಬ್ಬರು ಡ್ರೈವರುಗಳನ್ನು ಕಟ್ಟಿದರೆ ಇನ್ನೇನಾಗುತ್ತದೆ. ಕಡೆಗೆ ಅವಳು ಒಂದು ಸಲ ಎಳೆದು, ಮುಂದೆ ಹೋಗಿ, ತನ್ನ ಕೈಯಾರೆ ಇಂಜಿನ್ನಿನ ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡಳು.

ಆಮೇಲೆ ಬಾಗಿಲಿಗೆ ಬಂದು ಹೇಳಿದಳು. "ಅಣ್ಣಾ, ಬಸ್ಸು ಪೂರ್ತಿ ತುಂಬಿದಾಗ ಏನು ಮಾಡ್ತೀರಿ? ಜನ ಕೈ ತೋರಿಸಿದ್ರೆ ನಿಲ್ಲಿಸ್ತೀರಾ?"

"ಇಲ್ಲ," ಎಂದ ನಿಧಾನಪ್ಪ. "ಹಿಂದೆ ಖಾಲಿ ಬಸ್ ಬರ್ತಿದೆ ಅಂತ ಕೈ ಮಾಡ್ತೀನಿ."

"ಈಗ ನೀವು ತುಂಬಿದ್ದೀರಿ. ಫುಟ್‌ಬೋರ್ಡ್ ಮೇಲೂ ಜಾಗ ಇಲ್ಲ." ಅವಳು ಹಗ್ಗವನ್ನು ಎರಡು ಸಲ ಎಳೆದಳು.

ನಿಧಾನಪ್ಪ ಹೊರಟ. ಎಂಟನೆಯ ಕಿಲೋಮೀಟರಿನ ಮೊದಲ ಗುಂಪು ಕಾಣಿಸಿತು, ಒಂದೇ ಬಣ್ಣದ ಟೋಪಿ ಹಾಕಿದ ಹದಿನೈದು ಹೆಂಗಸರು, ಹದಿನೈದು ಕೈ. ಅವನ ಬಲಗಾಲು ಕಚ್ಚಿಕೊಂಡಿತು. ತನ್ನೊಳಗೆ ಜನ ಒತ್ತರಿಸಿ ನಿಂತಿದ್ದಾರೆ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿದೆ, ಹೆಣಿಗೆಯ ಹೆಂಗಸಿಗೆ ಸೂಜಿ ಆಡಿಸಲೂ ಜಾಗವಿಲ್ಲ ಎಂದು ಅವನು ಕಣ್ಣು ಮುಚ್ಚಿ ನೆನೆದ. ಕೈ ತಾನಾಗಿ ಮೇಲೆದ್ದು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿತು. "ಹಿಂದೆ ಖಾಲಿ ಬಸ್ ಬರ್ತಿದೆ!" ಎಂದು ಕೂಗಿ, ನಿಲ್ಲದೆ ಮುಂದೆ ಹೋಗಿಯೇಬಿಟ್ಟ. ಹೆಂಗಸರು ಹಿಂದಕ್ಕೆ ನೋಡಿದರು. ನಿಜವಾಗಿಯೂ ದೂರದಲ್ಲಿ ಒಂದು ಖಾಲಿ ಬಸ್ಸು ನಿಂತಿತ್ತು.

ಮಿಕ್ಕ ದಾರಿಯುದ್ದಕ್ಕೂ ಅದೇ. ಕೈ ಬೀಸಿದ ಪ್ರತಿಯೊಬ್ಬರಿಗೂ ಅವನು ಹಿಂದಕ್ಕೆ ಕೈ ಮಾಡಿದ. ಒಬ್ಬ ಮುದುಕ ಅವನ ಮಾತನ್ನು ನಂಬಿ ನಿಜವಾಗಿಯೂ ಸ್ಟಾಪಿಗೆ ಹೋಗಿ ನಿಂತ. ಶ್ವಾಸ ಗಂಟಲಿನಲ್ಲಿ ಕೊಯ್ಯುತ್ತಿತ್ತು, ಬಲಗಡೆಯ ಪಕ್ಕೆಯಲ್ಲಿ ಯಾರೋ ಹಿಡಿದು ಹಿಂಡುತ್ತಿದ್ದಂತಿತ್ತು. ಹಿಂದಿನಿಂದ ಇಂಜಿನ್ನಿನ ಸದ್ದು ಮತ್ತೆ ಬರುತ್ತಿತ್ತು, ಈಗ ಸರಿಯಾದ ವೇಳೆಗೆ. ಅವನು ತಿರುಗಿ ನೋಡಲಿಲ್ಲ. ಕಮಾನು ಕಂಡಿತು. ಅದರ ಮೇಲಿನ ಗಡಿಯಾರದಲ್ಲಿ ಏಳು ಐವತ್ತೊಂಬತ್ತು. ನಿಧಾನಪ್ಪ ಎರಡೂ ಕೈ ಎತ್ತಿ ಅದರ ಕೆಳಗೆ ದಾಟಿದ, ಸಾವಿರ ಜನರಲ್ಲಿ ಕೊನೆಯವನಾಗಿ, ಹೇಳಿದ್ದಕ್ಕಿಂತ ಒಂದು ನಿಮಿಷ ಮುಂಚೆ.

ದಾಟಿ, ಸುತ್ತ ನೋಡಿದ. ಹೆಂಡತಿ ಇರಲಿಲ್ಲ.

ನೀರಿನ ಮೇಜಿನ ಹಿಂದೆ ನೋಡಿದ, ಕುರ್ಚಿಗಳ ಸಾಲಿನಲ್ಲಿ ನೋಡಿದ. ಆಮೇಲೆ ಅವನಿಗೆ ಅರ್ಥವಾಯಿತು. ಅವಳು ಎಂಟಕ್ಕೆ ಇಪ್ಪತ್ತು ಕೂಡಿಸಿದ್ದಳು. ಅವಳ ತಪ್ಪೇನಿತ್ತು ಅದರಲ್ಲಿ. ನಿಧಾನಪ್ಪ ಒಂದು ಕುರ್ಚಿಯಲ್ಲಿ ಕೂತ, ಪಕ್ಕದ ಕುರ್ಚಿಯ ಮೇಲೆ ಕೈ ಇಟ್ಟು ಕಾಯತೊಡಗಿದ. ಜೀವಮಾನದಲ್ಲಿ ಮೊದಲ ಸಲ ಅವನು ಅವಳಿಗಾಗಿ ಕಾಯುತ್ತಿದ್ದ. ಐದು ನಿಮಿಷಕ್ಕೆ ಕಾಲು ಅಲ್ಲಾಡಿಸಿದ. ಹತ್ತಕ್ಕೆ ಅವಳಿಗೆ ಏನಾದರೂ ಆಯಿತೇನೋ ಎಂದು ಹೆದರಿದ. ಹದಿನೈದಕ್ಕೆ ಸಿಟ್ಟು ಬಂತು. ಹದಿನೆಂಟಕ್ಕೆ ಸಿಟ್ಟೆಲ್ಲ ಇಳಿದು, ಇಷ್ಟು ವರ್ಷ ಅವಳು ಇದನ್ನು ಹೇಗೆ ತಡೆದುಕೊಂಡಳು ಎಂದು ಯೋಚಿಸಿದ. ಅಷ್ಟರಲ್ಲಿ ಕೆಲಸಗಾರರು ಬಂದು ಕುರ್ಚಿಗಳನ್ನು ಮಡಚತೊಡಗಿದರು. ಅವನು ಪಕ್ಕದ ಕುರ್ಚಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಎಂಟು ಇಪ್ಪತ್ತಕ್ಕೆ ಸರಿಯಾಗಿ ಹೆಂಡತಿ ಬಂದಳು, ಒಂದಿಷ್ಟೂ ಅವಸರವಿಲ್ಲದೆ, ಕೈಚೀಲದಲ್ಲಿ ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ. ಮಡಚಿದ ಕುರ್ಚಿಗಳನ್ನು ಕಂಡಳು. ಮಡಚದೆ ಉಳಿದ ಎರಡನ್ನು ಕಂಡಳು. ಅದರಲ್ಲಿ ಒಂದರ ಮೇಲೆ ಗಂಡ ಕೂತಿದ್ದ.

"ಬಂದು ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು.

"ಇಪ್ಪತ್ತೊಂದು ನಿಮಿಷ."

ಅವಳು ನಂಬಲಿಲ್ಲ. ಬಸ್ಸು ನಿಲ್ಲಿಸಿ ಬಂದ ಅವಸರಪ್ಪ, ಯಾರೂ ಕೇಳದೆ, "ನಿಜ ಅಕ್ಕಾ. ನನ್ನ ಬಸ್ಸಿಗಿಂತ ಮುಂದೆ ಬಂದ. ಗೇಟು ಗೀಟು ಏನೂ ಇರ್ಲಿಲ್ಲ" ಎಂದು ಸಾಕ್ಷಿ ಹೇಳಿದ.

ಗಣಿತದ ಟೀಚರ್ ಕೈಗಡಿಯಾರ ನೋಡಿಕೊಂಡಳು. ಅವಳ ಮುಖ ಕೆಂಪಾಯಿತು. ಕೈಚೀಲವನ್ನು ಕುರ್ಚಿಯ ಮೇಲೆ ಇಟ್ಟಳು. "ಲೆಕ್ಕ ತಪ್ಪಾಯ್ತು," ಎಂದಳು.

"ಅವತ್ತು ನಂದೂ ತಪ್ಪಾಯ್ತು," ಎಂದ ನಿಧಾನಪ್ಪ. ಯಾವತ್ತು ಎಂದು ಅವಳು ಕೇಳಲಿಲ್ಲ.

"ಇನ್ನೊಂದ್ಸಲ ಓಡಿ," ಎಂದಳು. "ಕಮಾನು ದಾಟೋದಷ್ಟೇ. ನಾನು ನೋಡ್ಲಿಲ್ಲ."

ಕಮಾನಿನ ಅರ್ಧವನ್ನು ಆಗಲೇ ಬಿಚ್ಚಿದ್ದರು. ನಿಧಾನಪ್ಪ ಕುಂಟುತ್ತಾ ನೂರು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ. ಕಂಡಕ್ಟರಮ್ಮ ಬಸ್ಸು ಹತ್ತಿ, ಕೀಲಿಯನ್ನು ಮತ್ತೆ ತೆಗೆದು ಜೇಬಿಗೆ ಹಾಕಿಕೊಂಡು, ಹಗ್ಗವನ್ನು ಎರಡು ಸಲ ಎಳೆದಳು. ಅವನು ಓಡಿ ಬಂದ, ಬೆವರು ಒಣಗಿದ ಮುಖ, ಬಿಗಿದ ಮೀನಖಂಡ, ಅರ್ಧ ಕಮಾನು. ಹೆಂಡತಿ ಅಷ್ಟು ಜನರ ಮುಂದೆ, ನಾಚಿಕೆ ಬಿಟ್ಟು, ಬಲಗೈಯನ್ನು ಎತ್ತರಕ್ಕೆ ಎತ್ತಿ ಬೀಸಿದಳು.

ಗೆರೆ ದಾಟಲು ಇನ್ನೂ ನಾಲ್ಕು ಹೆಜ್ಜೆ ಇತ್ತು. ಮೂರು ಕಿಲೋಮೀಟರು ಯಾವ ಕೈಗೂ ನಿಲ್ಲದೆ ಬಂದವನು ಅವಳ ಮುಂದೆ ಬಂದು, ಎಡಗಡೆ ನೋಡಿ, ನಿಂತುಬಿಟ್ಟ.

"ಜಾಗ ಇದೆಯಾ?" ಎಂದು ಅವಳು ಕೇಳಿದಳು.

"ಇದೆ," ಎಂದ ನಿಧಾನಪ್ಪ. ಅವಳು ಉತ್ತರಪತ್ರಿಕೆಗಳ ಚೀಲವನ್ನು ಅವನ ಹೆಗಲಿಗೆ ತಗುಲಿಸಿದಳು. ಇಬ್ಬರೂ ಬಸ್ಸಿನಿಂದ ಎರಡು ಸಲ ಗಂಟೆ ಬಾರಿಸುವುದನ್ನೇ ಕಾಯುತ್ತಾ ಅಲ್ಲೇ ನಿಂತರು.